ಬ್ರೂನೋ, ಮನೆಷ್ಟ್ರ ಆರ್ತಾ ಇದೆ!

ರಿಯೇಕಾ, 15 ನವೆಂಬರ್ 1981

ಎದ್ವಿನ್,

ನಿಮ್ಮ ಡ್ರಮ್ಮಿನ ಮೇಲೆ ಒದ್ದೆ ಬೆಡ್‌ಶೀಟು ಹರವುವುದು ಬೇಡ ಎಂದು ನಾನು ಹೇಳಿದೆ. ಹೇಳಬಾರದಿತ್ತೇನೋ, ಏಕೆಂದರೆ ಆ ಒಂದು ಮಾತಿನ ಮೇಲೇ ನಿನ್ನೆ ನಮ್ಮ ಕಟ್ಟಡದ ಸಮಿತಿಯ ಸಭೆ ಎರಡು ಗಂಟೆ ಬೆಳೆಯಿತು. ಮೂರನೇ ಮಹಡಿಯ ಫಿಯೊರೆಲ್ಲ ಎದ್ದು ನಿಂತು, "ಅಧ್ಯಕ್ಷರೇ, ಕೆಳಗಿರೋದು ಬಟ್ಟೆ ಒಣಹಾಕೋ ಕೋಣೆಯೋ, ಡ್ರಮ್ಮು ಒಣಹಾಕೋ ಕೋಣೆಯೋ? ಅದನ್ನ ಮೊದ್ಲು ಬರ್ಕೊಳ್ಳಿ" ಅಂದಳು. ಬರೆದುಕೊಂಡೆ. ಅಧ್ಯಕ್ಷನಾದವನು ಎಲ್ಲವನ್ನೂ ಬರೆದುಕೊಳ್ಳಬೇಕು.

ನೀನು ಸೆಪ್ಟೆಂಬರಿನಲ್ಲಿ ತಲೆ ಬೋಳಿಸಿಕೊಂಡು ಸೈನ್ಯದ ಚಾಕರಿಗೆ ಹೋದಾಗಿನಿಂದ ನಿಮ್ಮ 'ಒದ್ದೆ ಗೋಡೆ' ತಂಡದ ಸಾಮಾನೆಲ್ಲ ಆ ಕೋಣೆಯಲ್ಲೇ ಬಿದ್ದಿದೆ. ಹಾಡುವವನೇ ಮ್ಯಾಸಿಡೋನಿಯಾದ ಬರಾಕಿನಲ್ಲಿ ಕುಳಿತರೆ ಮಿಕ್ಕವರು ಏನು ಬಾರಿಸುತ್ತಾರೆ? ಕೊನೆಗೆ ಮತಕ್ಕೆ ಹಾಕಿದೆವು. ಹನ್ನೊಂದು ಮನೆಯವರು ಸಾಮಾನು ಹೊರಗೆ ಹಾಕಿ ಎಂದರು, ಒಬ್ಬರು ಬೇಡವೆಂದರು. ಆ ಒಬ್ಬರು ಯಾರೆಂದು ಹೇಳಲಾಗದು, ಅದು ಗುಟ್ಟಿನ ಮತದಾನ. ತೀರ್ಮಾನವನ್ನು ಜಾರಿ ಮಾಡಬೇಕಾದವನು ಅಧ್ಯಕ್ಷ. ಅಧ್ಯಕ್ಷನಿಗೆ ಸದ್ಯ ಸೊಂಟನೋವು. ಹಾಗಾಗಿ ಸಾಮಾನು ಇದ್ದಲ್ಲೇ ಇದೆ.

ಬೇಸಿಗೆಯಲ್ಲಿ ಝಾಗ್ರೆಬ್ಬಿಗೆ ಹೋಗಿ ನೀವು ಮಾಡಿಸಿಕೊಂಡು ಬಂದ ಚಿಕ್ಕ ರೆಕಾರ್ಡು ಅಂಗಡಿಗೆ ಬಂದಿದೆಯಂತೆ. ನಿಮ್ಮ ಈ ಸಂಗೀತವನ್ನು ಹೊಸ ಅಲೆ ಎನ್ನುತ್ತಾರಲ್ಲ, ಆ ಅಲೆ ನಮ್ಮ ನಾಲ್ಕನೇ ಮಹಡಿಯ ತನಕ ಇನ್ನೂ ಬಂದಿಲ್ಲ. ನನ್ನ ರೇಡಿಯೊ ಕೆಟ್ಟಿದೆ. ಲಿಫ್ಟೂ ಕೆಟ್ಟಿದೆ. ಕಾಲೇಜಿನಲ್ಲಿ ನಮಗೆ ಹಡಗು ಕಂಪನಿಗಳಿಗೆ ಬರೆಯುವ ಇಂಗ್ಲಿಷು ಕಲಿಸಿದ್ದರು. ಅದರಲ್ಲಿ ಹೇಳಬೇಕೆಂದರೆ 'ವಿ ಬೆಗ್ ಟು ಅಡ್ವೈಸ್', ಮುಂದಿನದು ಮರೆತುಹೋಗಿದೆ. ಕಾಲು ಬೆಚ್ಚಗಿಟ್ಟುಕೋ.

ಬ್ರೂನೋ ಸುಪೆರಿನ


ಶ್ತಿಪ್, 27 ನವೆಂಬರ್ 1981

ಪ್ರೀತಿಯ ಬಾರ್ಬಾ ಬ್ರೂನೋ,

ನಮ್ಮ ನಾಲ್ಕನೇ ಮಹಡಿಯ ಮಾವನ ಸೊಂಟಕ್ಕೆ ನನ್ನ ನಮಸ್ಕಾರ. ಅದು ನಾನು ಬರುವ ತನಕ ಹಾಗೇ ಇರಲಿ.

ಇಲ್ಲಿ ದಿನವೂ ಬೀನ್ಸ್ ಕಾಳು. ಬೆಳಿಗ್ಗೆ ಗುಡ್ಡ ಹತ್ತುತ್ತೇವೆ, ಸಂಜೆ ಇಳಿಯುತ್ತೇವೆ, ಯಾಕೆಂದು ಯಾರೂ ಹೇಳುವುದಿಲ್ಲ. ಮೊನ್ನೆ ಕ್ಯಾಂಟೀನಿನ ರೇಡಿಯೊದಲ್ಲಿ ನಮ್ಮ ಹಾಡು ಬಂತು, ಬಾರ್ಬಾ! ಕೈಲಿದ್ದ ಚಮಚ ಕೆಳಗೆ ಬಿತ್ತು. "ಇದು ನಾನೇ ಹಾಡಿದ್ದು" ಅಂದೆ. ನಮ್ಮ ಸಾರ್ಜೆಂಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದೇನೋ? ಹೋದ ವಾರ ಬಂದ ಬೋಸ್ನಿಯಾದವನು ಫುಟ್ಬಾಲ್ ರಾಷ್ಟ್ರೀಯ ತಂಡದಲ್ಲಿದ್ನಂತೆ. ಇಬ್ರೂ ಹೋಗಿ ಆಲೂಗಡ್ಡೆ ಸುಲೀರಿ" ಅಂದ. ಮುನ್ನೂರು ಜನರ ಆಲೂಗಡ್ಡೆ. ಬೋಸ್ನಿಯಾದವನು ನಿಜಕ್ಕೂ ಆಡಿದ್ದನಂತೆ.

ರೇಡಿಯೊ ರಿಪೇರಿಗೆ ಅವಸರ ಮಾಡಬೇಡಿ. ಚಳಿಗಾಲದಲ್ಲಿ ಒಳ್ಳೆಯ ರಿಪೇರಿಯವರು ಸಿಗುವುದಿಲ್ಲ ಎಂದು ಕೇಳಿದ್ದೇನೆ. ವಸಂತ ಬರಲಿ. ಅಂದ ಹಾಗೆ, ಫಿಯೊರೆಲ್ಲ ಅವರು ನಿಮಗೆ ಏನಾದರೂ ಹೇಳಿದರೇ? ಸುಮ್ಮನೆ ಕೇಳಿದೆ.

ನಿಮ್ಮ ಎದ್ವಿನ್


ರಿಯೇಕಾ, 9 ಡಿಸೆಂಬರ್ 1981

ಎದ್ವಿನ್,

ನಿನ್ನ ಮೂಗು ಬಲು ಚುರುಕು. ಅಷ್ಟು ದೂರದಿಂದ ವಾಸನೆ ಹಿಡಿದೆಯಲ್ಲ! ಫಿಯೊರೆಲ್ಲ ಬಾಯಿಬಿಟ್ಟು ಏನೂ ಹೇಳಿಲ್ಲ. ಆದರೆ ಕಳೆದ ಗುರುವಾರ ಬಾಗಿಲು ತಟ್ಟಿ, ಮುಚ್ಚಳ ಹಾಕಿದ ಪಾತ್ರೆಯೊಂದನ್ನು ನನ್ನ ಕೈಗಿಟ್ಟು, ಕಣ್ಣೊರೆಸಿಕೊಂಡು ಇಳಿದುಹೋದಳು. ತೆಗೆದು ನೋಡಿದರೆ ಮನೆಷ್ಟ್ರ. ಬೀನ್ಸ್ ಕಾಳು, ಮೆಕ್ಕೆಜೋಳ, ಒಂದು ಹಂದಿಮೂಳೆ, ಮೂರು ಜನಕ್ಕಾಗುವಷ್ಟು ಉಪ್ಪು.

ಶುಕ್ರವಾರ ಎರಡನೇ ಮಹಡಿಯ ಅಕ್ಕತಂಗಿಯರು ಕೋಳಿಸೂಪು ತಂದರು. ಶನಿವಾರ ಲಿಫ್ಟಿನ ಪಕ್ಕದ ಮನೆಯವಳು. ಅವಳಿಗೆ ಗಂಡ ಬೇರೆ ಇದ್ದಾನೆ! ಎಲ್ಲರೂ ಅದೇ ತರಹ: ಕೊಡುವುದು, ನನ್ನ ಮುಖ ನೋಡುವುದು, ಏನೋ ಹೇಳಹೊರಟು ನುಂಗಿಕೊಳ್ಳುವುದು. ಊರಲ್ಲಿ ಕಾಫಿಪುಡಿ ಸಿಗುತ್ತಿಲ್ಲ, ಜನ ಗಡಿಯಾಚೆ ತ್ರಿಯೆಸ್ತೆಗೆ ಹೋಗಿ ತರುತ್ತಿದ್ದಾರೆ, ಒಬ್ಬರಾದರೂ ಒಂದು ಲೋಟ ಕಾಫಿ ತರಬಾರದೇ? ಇಲ್ಲ, ಬರೀ ಸೂಪು.

ನಾನು ದಡ್ಡನಲ್ಲ. ನನ್ನ ನೆರಿನಾ ತೀರಿಹೋಗಿ ಒಂಬತ್ತು ತಿಂಗಳಾಯಿತು. ಒಬ್ಬಂಟಿ ಗಂಡಸು, ಪಿಂಚಣಿ ಇದೆ, ಹಲ್ಲು ಮುಕ್ಕಾಲು ಪಾಲು ನನ್ನವೇ. ಲೆಕ್ಕಾಚಾರ ನಡೆದಿದೆ. ಇದನ್ನು ಮೊಳಕೆಯಲ್ಲೇ ಚಿವುಟಬೇಕೆಂದು ನಿನ್ನೆ ಕೆಳಗಿನ ಫಲಕದಲ್ಲಿ, ಲಿಫ್ಟಿನ ಪ್ರಕಟಣೆಯ ಪಕ್ಕದಲ್ಲಿ, ಒಂದು ಚೀಟಿ ಅಂಟಿಸಿದೆ: 'ನಿವಾಸಿಗಳ ಗಮನಕ್ಕೆ. ಸಮಿತಿಯ ಅಧ್ಯಕ್ಷರಿಗೆ ಮರುಮದುವೆಯ ಉದ್ದೇಶವಿರುವುದಿಲ್ಲ. ಖಾಲಿ ಪಾತ್ರೆಗಳನ್ನು ಸಂಜೆ ಐದರಿಂದ ಆರರೊಳಗೆ ಒಯ್ಯತಕ್ಕದ್ದು.' ಕೆಳಗೆ ರುಜು, ಮೊಹರು.

ಇಂದು ಬೆಳಿಗ್ಗೆ ನೋಡಿದರೆ ಅದರಡಿ ಪೆನ್ಸಿಲಿನಲ್ಲಿ ಯಾರೋ ಗೀಚಿದ್ದಾರೆ: 'ನಿನ್ನನ್ನ ಕೇಳಿದ್ದು ಯಾರು?' ಅಕ್ಷರ ಫಿಯೊರೆಲ್ಲಳದು. ಆದರೂ ಮಧ್ಯಾಹ್ನ ಪಾತ್ರೆ ಬಂತು.

ಬ್ರೂನೋ


ಶ್ತಿಪ್, 20 ಡಿಸೆಂಬರ್ 1981

ಪ್ರೀತಿಯ ಬಾರ್ಬಾ,

ಸೂಪು ಬರೀ ಸೂಪು ಅಷ್ಟೇ. ಕುಡಿದುಬಿಡಿ. ದಯವಿಟ್ಟು ಯಾರ ಮೇಲೂ ಸಿಟ್ಟಾಗಬೇಡಿ, ಚೀಟಿ ತೆಗೆದುಹಾಕಿ.

ನಮ್ಮ ಹಾಡು ದಿನಕ್ಕೆ ಐದು ಸಲ ಬರುತ್ತಿದೆ. ಬೆಲ್‌ಗ್ರೇಡಿನಿಂದ, ಸರಾಯೆವೊದಿಂದ, ಎಲ್ಲ ಕಡೆಯಿಂದ. ಮದುವೆಗೆ, ಹುಟ್ಟುಹಬ್ಬಕ್ಕೆ, ಮಗ ಸೈನ್ಯಕ್ಕೆ ಹೊರಟಿದ್ದಕ್ಕೆ ಜನ ರೇಡಿಯೊಗೆ ಶುಭಾಶಯ ಬರೆಸುತ್ತಾರಲ್ಲ, ಅದರಲ್ಲೂ ಈಗ ಅಕಾರ್ಡಿಯನ್ ಹಾಡು ಬಿಟ್ಟು ಇದನ್ನೇ ಕೇಳುತ್ತಿದ್ದಾರಂತೆ. ಸಾರ್ಜೆಂಟು ಇದೇ ತಾಳಕ್ಕೆ ನಮ್ಮನ್ನು ಗುಡ್ಡ ಹತ್ತಿಸುತ್ತಾನೆ. ನಾನು ಈಗ ಬಾಯಿ ಬಿಡುವುದಿಲ್ಲ. ಆಲೂಗಡ್ಡೆ ಸಾಕಾಗಿದೆ.

ನಿಮಗೆ ಒಂದು ವಿಷಯ ಬರೆಯಬೇಕು. ಹೊಸವರ್ಷ ಕಳೆಯಲಿ, ಬರೆಯುತ್ತೇನೆ. ದೊಡ್ಡ ವಿಷಯವೇನಲ್ಲ. ದೊಡ್ಡದೇ ಇರಬಹುದು.

ಎದ್ವಿನ್


ರಿಯೇಕಾ, 4 ಜನವರಿ 1982

ಎದ್ವಿನ್,

ನಿನ್ನ ವಿಷಯ ಆಮೇಲೆ. ಹುಡುಗಿಯ ವಿಷಯವಿದ್ದರೆ ನಿಮ್ಮಮ್ಮನಿಗೆ ಬರೆ. ಮೊದಲು ನನ್ನದು ಕೇಳು.

ಶನಿವಾರ ಮೀನುಮಾರುಕಟ್ಟೆಗೆ ಹೋಗಿದ್ದೆ. ಸಾರ್ಡೀನು ಮಾರುವ ದಪ್ಪ ಹೆಂಗಸು, ಅವಳಿಗೆ ನನ್ನ ಹೆಸರು ಗೊತ್ತು, ನೆರಿನಾ ಅವಳ ಹತ್ತಿರವೇ ಕೊಳ್ಳುತ್ತಿದ್ದದ್ದು. ನನ್ನನ್ನು ಕಂಡವಳೇ ಸೊಂಟಕ್ಕೆ ಕೈಯಿಟ್ಟು ಇಡೀ ಮಾರುಕಟ್ಟೆಗೆ ಕೇಳುವ ಹಾಗೆ, "ಬ್ರೂನೋ! ಮನೆಷ್ಟ್ರ ಆರ್ತಾ ಇದೆ! ಬರ್ತೀಯೋ ಇಲ್ವೋ!" ಎಂದು ಕೂಗಿದಳು. ಎಲ್ಲರೂ ನಕ್ಕರು. ಹಿಂದಿನ ಸಾಲಿನ ಏಡಿ ಮಾರುವವನು ಅದನ್ನೇ ಮತ್ತೆ ಕೂಗಿದ, ರಾಗವಾಗಿ. ಬಸ್ಸು ಹತ್ತಿದರೆ ಡ್ರೈವರು, "ಏನ್ ಬಾರ್ಬಾ, ಇನ್ನೂ ಬಿಸಿ ಇದ್ಯಾ?" ಅಂದ.

ನನಗೆ ಮರುಮದುವೆಯ ಪುಕಾರು ಊರೆಲ್ಲ ಹಬ್ಬಿದೆ ಎಂದು ಅಷ್ಟು ಬೇಸರವಿಲ್ಲ. ಆದರೆ ಆ ಮಾತು, ಎದ್ವಿನ್. ಅದೇ ಮಾತು. ನಾನು ಮಧ್ಯಾಹ್ನ ನಿಮ್ಮ ಗಲಾಟೆ ನಿಲ್ಲಿಸಲು ಕೆಳಗಿಳಿದು ಬರುತ್ತಿದ್ದೆನಲ್ಲ, ಮಾತಾಡುತ್ತ ಕೂತುಬಿಡುತ್ತಿದ್ದೆನಲ್ಲ, ಆಗ ನೆರಿನಾ ಕಿಟಕಿಯಿಂದ ಬಗ್ಗಿ ಕೂಗುತ್ತಿದ್ದದ್ದು ಹೀಗೇ, ಇದೇ ಏಳುಬೀಳಿನಲ್ಲಿ. 'ಇಲ್ವೋ' ಎನ್ನುವಾಗ ದನಿ ಒಡೆಯುತ್ತಿತ್ತು, ಮೀನಿನವಳು ಅದನ್ನೂ ಬಿಡದೆ ಅಣಕಿಸಿದಳು. ಅದು ನಮ್ಮ ಅಂಗಳದ ಮಾತು. ನನ್ನ ಮಾತು. ಅದನ್ನು ಮಾರುಕಟ್ಟೆಗೆ ಒಯ್ದವರು ಯಾರು? ನಮ್ಮ ಕಟ್ಟಡದವರೇ ಇರಬೇಕು, ಹೊರಗಿನವರಿಗೆ ಹೇಗೆ ಗೊತ್ತು? ಅವನನ್ನು ಪತ್ತೆ ಹಚ್ಚುತ್ತೇನೆ. ಪತ್ತೆಯಾದ ದಿನದಿಂದ ಅವನ ಮುಖ ನೋಡುವುದಿಲ್ಲ, ಸಾಯುವ ತನಕ.

ನೀನು ಸುಳ್ಳು ಹೇಳುವ ಹುಡುಗನಲ್ಲ. ಈ ಕಟ್ಟಡದ ಎಲ್ಲರ ಬಾಯಿಯೂ ನಿನಗೆ ಗೊತ್ತು. ಯಾರಿರಬಹುದು? ಹೆಸರು ಬರೆ.

ಬ್ರೂನೋ


ಶ್ತಿಪ್, 16 ಜನವರಿ 1982

ಬಾರ್ಬಾ ಬ್ರೂನೋ,

ಹೆಸರು: ಎದ್ವಿನ್.

ಈ ಪತ್ರವನ್ನು ಆರು ಸಲ ಬರೆದು ಹರಿದೆ. ಈಗ ಗಾರ್ಡ್ ಡ್ಯೂಟಿಗೆ ಕರೆಯುವುದರೊಳಗೆ ಒಂದೇ ಉಸಿರಿಗೆ ಬರೆಯುತ್ತೇನೆ.

1980ರ ಅಕ್ಟೋಬರು. ನಾವು ಕೆಳಗಿನ ಕೋಣೆಯಲ್ಲಿ ಇಂಗ್ಲಿಷ್ ಹಾಡು ಹಾಡುತ್ತಿದ್ದೆವು. ನೀವು ಆಲೂಗಡ್ಡೆ ಪೆಟ್ಟಿಗೆಯ ಮೇಲೆ ಕೂತು, "ಈ ಇಂಗ್ಲಿಷು ನಿಂಗೂ ಬರಲ್ಲ, ನಂಗೂ ಮರ್ತೋಗಿದೆ. ನಿಮ್ಮಮ್ಮ ಬೈಯೋ ಭಾಷೇಲಿ ಹಾಡೋ" ಅಂದಿರಿ. ಆ ಹೊತ್ತಿಗೆ ಸರಿಯಾಗಿ ಮೇಲಿನಿಂದ ನೆರಿನಾ ಅತ್ತೆ ಕೂಗಿದರು. ರೆಕಾರ್ಡ್ ಮಾಡಲು ಹಾಕಿದ್ದ ಕ್ಯಾಸೆಟ್ಟು ಓಡುತ್ತಿತ್ತು.

ಜುಲೈನಲ್ಲಿ ಝಾಗ್ರೆಬ್ಬಿನ ಸ್ಟುಡಿಯೊದಲ್ಲಿ ನಾಲ್ಕು ದಿನ ಬಾರಿಸಿದರೂ ನಮ್ಮ ಹಾಡಿಗೆ ಜೀವ ಬರಲಿಲ್ಲ. ಧ್ವನಿಮುದ್ರಣದವನು ಆಕಳಿಸುತ್ತ ಕೂತಿದ್ದ. ತಾಳ ಹೇಗಿತ್ತೆಂದು ಕೇಳಿಸಲು ನಮ್ಮ ತಂಡದ ಲಿವಿಯೊ ಆ ಹಳೆಯ ಕ್ಯಾಸೆಟ್ಟು ಹಾಕಿದ. ಗಿಟಾರು, ಡ್ರಮ್ಮು, ಮಧ್ಯೆ ಅತ್ತೆಯ ಕೂಗು. ಆಕಳಿಸುತ್ತಿದ್ದವನು ಬಾಯಿ ಮುಚ್ಚಿ, "ನಿಲ್ಸು. ಹಿಂದಕ್ ಹಾಕು. ಹಾಡು ಅಂದ್ರೆ ಇದು. ನಿಮ್ದೆಲ್ಲ ಬರೀ ಮೇಜು ಕುರ್ಚಿ" ಅಂದ. ಅದೇ ಪಲ್ಲವಿಯಾಯಿತು. ಮೂರು ಸಲ ಬರುತ್ತದೆ. ಇಡೀ ದೇಶ ಹಾಡುತ್ತಿರುವುದು ಅದನ್ನೇ, ಬಾರ್ಬಾ, ನಮ್ಮನ್ನಲ್ಲ. ನಮ್ಮ ಕಟ್ಟಡದವರು ರೇಡಿಯೊದಲ್ಲಿ ಕೇಳಿದೊಡನೆ ದನಿ ಗುರುತಿಸಿದ್ದಾರೆ. ನಿಮಗೆ ಹೇಳುವ ಧೈರ್ಯವಾಗದೆ ಸೂಪು ತರುತ್ತಿದ್ದಾರೆ. ಯಾರಿಗೂ ನಿಮ್ಮನ್ನು ಮದುವೆಯಾಗುವ ಆಸೆ ಇಲ್ಲ.

ನಿಮ್ಮನ್ನು ಕೇಳಬೇಕಿತ್ತು. ಹೊರಡುವ ಮೊದಲು ಮೂರು ಸಲ ನಾಲ್ಕು ಮಹಡಿ ಹತ್ತಿ ಬಂದೆ. ಮೂರು ಸಲವೂ ನೀವು ಲಿಫ್ಟಿನ ವಿಷಯ ಶುರುಮಾಡಿದಿರಿ. ನಿಮ್ಮ ಹಿಂದೆ ಅತ್ತೆಯ ಚಪ್ಪಲಿ ಬಾಗಿಲ ಬಳಿ ಇದ್ದ ಹಾಗೇ ಇತ್ತು. ಕೇಳಿಸಿಕೊಂಡು ಇಳಿದುಹೋದೆ.

ಈಗ ರೆಕಾರ್ಡ್ ಕಂಪನಿಯವರು ಎರಡನೇ ಸಲ ಅಚ್ಚು ಹಾಕುತ್ತಾರೆ. ರೆಕಾರ್ಡಿನಲ್ಲಿ ದನಿಯಿರುವ ಪ್ರತಿಯೊಬ್ಬರ ಒಪ್ಪಿಗೆಪತ್ರ ಬೇಕಂತೆ. ಸತ್ತವರದಾದರೆ ಮನೆಯವರ ರುಜು. ಫೆಬ್ರವರಿ ಹದಿನೈದರೊಳಗೆ ಸಿಗದಿದ್ದರೆ ಆ ಕೂಗನ್ನು ತೆಗೆದು ಝಾಗ್ರೆಬ್ಬಿನ ನಾಟಕದ ನಟಿಯೊಬ್ಬಳಿಂದ ಕೂಗಿಸುತ್ತಾರೆ. ಲಿವಿಯೊ ಪತ್ರವನ್ನೂ ರೆಕಾರ್ಡನ್ನೂ ತರುತ್ತಾನೆ. ನೀವು ಬೇಡವೆಂದರೆ ಅದೇ ಸರಿ, ನಾನೇ ತೆಗೆಸುತ್ತೇನೆ. ಮೂಲ ಕ್ಯಾಸೆಟ್ಟು ನಿಮ್ಮದು. ಕೋಣೆಯಲ್ಲಿ ದೊಡ್ಡ ಸ್ಪೀಕರಿನ ಹಿಂದೆ, ಬಿಸ್ಕತ್ತಿನ ಡಬ್ಬಿಯಲ್ಲಿದೆ.

ಎದ್ವಿನ್


ಶ್ತಿಪ್, 2 ಫೆಬ್ರವರಿ 1982

ಬಾರ್ಬಾ,

ಉತ್ತರವಿಲ್ಲ. ಲಿವಿಯೊ ಬಂದಾಗ ಬಾಗಿಲಲ್ಲೇ ಕಾಗದ, ರೆಕಾರ್ಡು ಎರಡನ್ನೂ ಕಿತ್ತುಕೊಂಡು ಕದ ಹಾಕಿದಿರಂತೆ. ಲಿಫ್ಟಿನ ವಿಷಯವನ್ನೂ ಎತ್ತಲಿಲ್ಲವಂತೆ. ಅದನ್ನು ಕೇಳಿದ ಮೇಲೆ ನನಗೆ ನಿಜಕ್ಕೂ ಭಯವಾಗಿದೆ.

ಬೈದಾದರೂ ಬರೆಯಿರಿ.

ಎದ್ವಿನ್


ರಿಯೇಕಾ, 9 ಫೆಬ್ರವರಿ 1982

ಎದ್ವಿನ್,

ನಿನ್ನ ಎರಡೂ ಪತ್ರಗಳು ತಲುಪಿವೆ. ಬೈಯಲೆಂದೇ ಕುಳಿತಿದ್ದೇನೆ, ಆದ್ದರಿಂದ ಕ್ರಮವಾಗಿ ಹೇಳುತ್ತೇನೆ.

ಮೊದಲ ವಾರ ಮೆಟ್ಟಿಲಲ್ಲಿ ಯಾರು ಕಂಡರೂ ಬೆನ್ನು ತಿರುಗಿಸಿದೆ. ಪಾತ್ರೆ ಬಂದರೆ ಬಾಗಿಲು ತೆಗೆಯಲಿಲ್ಲ. ಕಳ್ಳತನ ಎಂದುಕೊಂಡೆ. ಒಂದು ಮನೆಯಿಂದ ಏನನ್ನಾದರೂ ಕದಿಯಲಿ, ಊಟಕ್ಕೆ ಕರೆಯುವುದನ್ನು ಕದಿಯುತ್ತಾರೆಯೇ? ಕ್ಯಾಸೆಟ್ಟನ್ನು ಹುಡುಕಿ ಸಮುದ್ರಕ್ಕೆ ಎಸೆಯಬೇಕೆಂದು ಮೊನ್ನೆ ಭಾನುವಾರ ಕೆಳಗಿಳಿದೆ.

ಇಲ್ಲಿ ನಾನೂ ಒಂದಿಷ್ಟು ಒಪ್ಪಿಕೊಳ್ಳಬೇಕು. ನಿಮ್ಮ ಸಾಮಾನು ಇರಲಿ ಎಂದ ಆ ಒಂದು ಮತ ನನ್ನದು. ನನಗೆ ಸೊಂಟನೋವು ಇಲ್ಲ. ರೇಡಿಯೊ ಕೆಟ್ಟಿಲ್ಲ, ಅದರ ಮುಳ್ಳು ನೆರಿನಾ ಬಿಟ್ಟ ಜಾಗದಲ್ಲೇ ಇರಲಿ ಎಂದು ಮುಟ್ಟಿಲ್ಲ, ಅಷ್ಟೇ. ಮತ್ತೆ, ಮಧ್ಯಾಹ್ನ ಹನ್ನೆರಡಕ್ಕೆ ನಾನು ದಿನಾ ಆ ಕೋಣೆಗೆ ಇಳಿಯುತ್ತಿದ್ದೆ. ಬಾರಿಸುವವರಿಲ್ಲ, ಬೈಯುವುದಕ್ಕೆ ಯಾರೂ ಇಲ್ಲ. ಆಲೂಗಡ್ಡೆ ಪೆಟ್ಟಿಗೆಯ ಮೇಲೆ ಒಂದು ಗಂಟೆಯ ತನಕ ಕೂತು, ಯಾರೂ ಕೂಗದೆ ಇದ್ದುದರಿಂದ ನಾನೇ ಎದ್ದು ಮೇಲೆ ಹೋಗುತ್ತಿದ್ದೆ.

ಡಬ್ಬಿ ಸಿಕ್ಕಿತು. ಎಸೆಯುವ ಮೊದಲು ಒಂದು ಸಲ ಕೇಳೋಣವೆಂದು ನಿಮ್ಮ ಟೇಪಿಗೆ ಹಾಕಿದೆ. ಮೊದಲು ಬಂದದ್ದು ನನ್ನ ದನಿ. ಲಿಫ್ಟಿನ ಬಗ್ಗೆ. ಹನ್ನೊಂದು ನಿಮಿಷ, ಎದ್ವಿನ್! ಗಡಿಯಾರ ನೋಡಿದೆ. ನಾನು ಇಷ್ಟು ಮಾತಾಡುತ್ತೇನೆಂದು ನೀವು ಯಾರೂ ಹೇಳಲಿಲ್ಲವಲ್ಲ. ಮಧ್ಯೆ ಲಿವಿಯೊ "ಮುಗೀತಾ?" ಎಂದು ಪಿಸುಗುಟ್ಟುವುದೂ ಇದೆ, ಅವನಿಗೆ ಹೇಳು, ಕೇಳಿಸಿತು ಎಂದು. ಆಮೇಲೆ ಇಂಗ್ಲಿಷಿನ ಬಗ್ಗೆ ನನ್ನ ಭಾಷಣ. ಆಮೇಲೆ ಅವಳು.

ನಾನು ಎದ್ದು ಬಾಗಿಲ ತನಕ ಹೋಗಿಬಿಟ್ಟಿದ್ದೆ. ಕೈ ಚಿಲಕದ ಮೇಲಿತ್ತು.

ಸಮುದ್ರದ ಯೋಚನೆ ಬಿಟ್ಟೆ. ಕ್ಯಾಸೆಟ್ಟು ಜೇಬಿಗಿಟ್ಟುಕೊಂಡು, ಮನೆಯಿಂದ ರೆಕಾರ್ಡು ತೆಗೆದುಕೊಂಡು ಮೂರನೇ ಮಹಡಿಗೆ ಹೋದೆ, ತಿರುಗಿಸುವ ಯಂತ್ರ ಇರುವುದು ಫಿಯೊರೆಲ್ಲಳ ಹತ್ತಿರ ಮಾತ್ರ. ಬಾಗಿಲು ತೆಗೆದವಳೇ, "ಏನು, ಚೀಟಿ ಅಂಟಿಸೋಕೆ ಬಂದ್ಯಾ? ಗೋಡೆ ಖಾಲಿ ಇದೆ" ಅಂದಳು. ಕೈಯಲ್ಲಿದ್ದದ್ದನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳ ಹತ್ತಿರ ಆಗಲೇ ಒಂದು ಇತ್ತು. ನವೆಂಬರಿನಿಂದ ದಿನಾ ಹಾಕುತ್ತಿದ್ದಳಂತೆ, ಮೇಲೆ ನನಗೆ ಕೇಳಿಸಬಾರದೆಂದು ಯಂತ್ರದ ಮೇಲೆ ದಿಂಬು ಒತ್ತಿ ಹಿಡಿದುಕೊಂಡು. "ಹತ್ಹತ್ರ ನಲವತ್ತು ವರ್ಷ ನನ್ನ ತಲೆ ಮೇಲೆ ಕೂಗಿದ್ಳು ನಿನ್ ಹೆಂಡ್ತಿ. ನಿಂತ್ಮೇಲೆ ನಂಗೆ ಮಧ್ಯಾಹ್ನ ಊಟ ಯಾವಾಗ ಅನ್ನೋದೇ ಗೊತ್ತಾಗ್ತಿರ್ಲಿಲ್ಲ" ಅಂದಳು. ನನಗೆ ಮಾತು ಹೊರಡಲಿಲ್ಲ. ಹೊರಡದೆ ಇದ್ದದ್ದಕ್ಕೆ ಅವಳು ಕ್ಯಾಲೆಂಡರಿನಲ್ಲಿ ತಾರೀಕು ಗುರುತು ಹಾಕಿಕೊಂಡಳು.

ದಿಂಬಿಲ್ಲದೆ ಕೇಳಿದೆವು. ನಾಲ್ಕು ಸಲ. ಹಾಡು ಚೆನ್ನಾಗಿಲ್ಲ. ಡ್ರಮ್ಮು ಕಪಾಟು ಉರುಳಿದ ಹಾಗೆ, ನೀನು ನೆಗಡಿಯಾದವನ ಹಾಗೆ. ಅವಳು ಬಂದಾಗ ಮಾತ್ರ ಸರಿಹೋಗುತ್ತದೆ. ನಿನ್ನ ಆಕಳಿಕೆಯವನಿಗೆ ಕಿವಿ ಇದೆ.

ಈಗ ಬೈಗುಳ. ಇದು ಮುಖ್ಯ, ಗಮನವಿಟ್ಟು ಓದು. ಕ್ಯಾಸೆಟ್ಟಿನಲ್ಲಿ ಅವಳು ಕೂಗಿದ ಮೇಲೆ ನಾನು "ಬಂದೇ, ಬಂದೇ!" ಎನ್ನುತ್ತೇನೆ. ಸ್ಪಷ್ಟವಾಗಿದೆ, ಫಿಯೊರೆಲ್ಲಳೂ ಕೇಳಿದ್ದಾಳೆ. ರೆಕಾರ್ಡಿನಲ್ಲಿ ಅದನ್ನು ಕತ್ತರಿಸಿ ಡ್ರಮ್ಮು ತುರುಕಿದ್ದೀರಿ! ಅವಳು ಮೂರು ಸಲ ಕರೆಯುತ್ತಾಳೆ, ಮೂರು ಸಲವೂ ಬ್ರೂನೋ ಎಂಬವನು ಉತ್ತರವನ್ನೇ ಕೊಡುವುದಿಲ್ಲ. ಇಡೀ ಯುಗೊಸ್ಲಾವಿಯಾ ನನ್ನನ್ನು ಎಂಥವನೆಂದು ತಿಳಿದುಕೊಂಡಿರಬೇಕು? ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ತಡಮಾಡಿದ್ದೇನೆ, ಉತ್ತರ ಕೊಡದೆ ಇದ್ದದ್ದಿಲ್ಲ. ಎರಡನೇ ಅಚ್ಚಿನಲ್ಲಿ ಆ 'ಬಂದೇ' ಬರಬೇಕು. ಮೂರೂ ಕಡೆ ಬೇಡ, ಕೊನೆಯಲ್ಲಿ ಒಂದು ಸಲ ಸಾಕು. ಅದಿಲ್ಲದೆ ನನ್ನ ರುಜು ಸಿಗುವುದಿಲ್ಲ ಎಂದು ಕಂಪನಿಗೆ ಬರೆ. ಬೇಕಾದರೆ ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ, 'ವಿ ಬೆಗ್ ಟು ಅಡ್ವೈಸ್', ಮುಂದಿನದನ್ನು ಯಾರನ್ನಾದರೂ ಕೇಳೋಣ.

ಎರಡನೆಯದು, ರೆಕಾರ್ಡಿನ ಹಿಂದೆ ಹಾಡಿದವರ ಪಟ್ಟಿಯಲ್ಲಿ ಅವಳ ಪೂರ್ತಿ ಹೆಸರು ಬರಬೇಕು. ನೆರಿನಾ ಸುಪೆರಿನ, ನಾಲ್ಕನೇ ಮಹಡಿ. ನಿನ್ನ ಹೆಸರಿಗಿಂತ ಮೇಲೆ.

ಮೂರನೆಯದು, ಆ ನಟಿ. ಝಾಗ್ರೆಬ್ಬಿನವಳಂತೆ! ಅವಳು ಮನೆಷ್ಟ್ರ ಮಾಡಿದ್ದಾಳೆಯೇ? ಅದು ಆರಿದರೆ ಮೇಲೆ ಹೇಗೆ ಕೆನೆಗಟ್ಟುತ್ತದೆ, ಎಷ್ಟು ಸಿಟ್ಟು ಬರುತ್ತದೆ ಎಂದು ಗೊತ್ತೇ? ಅವಳನ್ನು ಮನೆಗೆ ಕಳಿಸಿ.

ನಾಲ್ಕನೆಯದು, ಮಂಗಳವಾರ ಕೋಣೆಯಲ್ಲಿ ಬಟ್ಟೆ ಒಣಗುತ್ತದೆ. ಮಿಕ್ಕ ದಿನ ಬಾರಿಸಿಕೊಳ್ಳಿ. ಹನ್ನೆರಡಕ್ಕೆ ಗಲಾಟೆ ನಿಲ್ಲಿಸಲು ನಾನು ಬರುತ್ತೇನೆ, ಅದಕ್ಕೆ ತಕ್ಕಷ್ಟು ಗಲಾಟೆ ಇರಲಿ. ಇದನ್ನು ನಿನ್ನೆಯ ಸಭೆಯಲ್ಲಿ ಹನ್ನೆರಡಕ್ಕೆ ಹನ್ನೆರಡು ಮತದಲ್ಲಿ ಒಪ್ಪಿದ್ದಾರೆ. ಮದುವೆಯ ಚೀಟಿ ತೆಗೆದಿದ್ದೇನೆ. ಲಿಫ್ಟಿನದು ಇನ್ನೂ ಇದೆ. ಹೋದ ಸೋಮವಾರ ಲಿಫ್ಟಿನವರು ಬಂದಿದ್ದರು, ಮೊದಲನೆಯವನು ಮುಚ್ಚಳ ತೆಗೆದು ಒಳಗೆ ಇಣುಕಿ ಏನಂದ ಗೊತ್ತೇ, ಅದನ್ನು ನಿನಗೆ ಪೂರ್ತಿ ಹೇಳಬೇಕು, ಆದರೆ ಇಲ್ಲಿ ಕೆಳಗೆ ಇರುವುದು ಇದೊಂದೇ ಸಣ್ಣ ಕಿಟಕಿ, ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ, ನೋಡುತ್ತ ನೋಡುತ್ತ ಬೆಳಕು ಹೋಗುತ್ತಿದೆ. ಸಾಲು ಯಾವುದು, ಗೆರೆ ಯಾವುದು ತಿಳಿಯುತ್ತಿಲ್ಲ. ಮೇಲಿನಿಂದ ಫಿಯೊರೆಲ್ಲ ಬೇರೆ ಕೂಗುತ್ತಿದ್ದಾಳೆ, ದನಿ ಸಾಲದು, ಉಪ್ಪು ಜಾಸ್ತಿ, ಆದರೂ ಉತ್ತರ ಕೊಡದಿದ್ದರೆ ತಪ್ಪಾಗುತ್ತದೆ.

ಲಿವಿಯೊ ನಾಳೆ ಬೆಳಿಗ್ಗೆ ಝಾಗ್ರೆಬ್ಬಿಗೆ ಹೊರಡುವ ಮೊದಲು ಒಪ್ಪಿಗೆಪತ್ರಕ್ಕೆ ಬರುತ್ತಾನೆ. ಷರತ್ತಿಗೆಲ್ಲ ಅವರು ಏನನ್ನುತ್ತಾರೋ ಅನ್ನಲಿ. ರುಜುವನ್ನು ನಾನು ಮಧ್ಯಾಹ್ನ, ಬೆಳಕಿದ್ದಾಗಲೇ ಹಾಕಿಟ್ಟಿದ್ದೇನೆ.

ಬ್ರೂನೋ